ಗುಂಡಿ ತುಂಬಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಇದು ಪಾಯಖಾನೆಯ ಕಥೆ. ತಟ್ಟೆ ಮುಂದಿಟ್ಟುಕೊಂಡು ಓದುತ್ತಿರುವವರು ಊಟ ಮುಗಿಸಿಯೇ ಬನ್ನಿ. ನಾನೇನೂ ಓಡಿಹೋಗಲ್ಲ :)

2023ರ ಬೇಸಿಗೆಯಲ್ಲಿ (ಅವರ ಬೇಸಿಗೆ, ನಮ್ಮ ಲೆಕ್ಕದಲ್ಲಿ ಸ್ವೆಟರ್ ಕಾಲ) ಆಫೀಸಿನವರು ನನ್ನನ್ನು ಮೂರು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಕಳಿಸಿದ್ದರು. ಅಲ್ಲಿ ನನ್ನ ಮ್ಯಾನೇಜರ್ ಆಗಿದ್ದವರು ಐವತ್ತು ದಾಟಿದ ಮನುಷ್ಯ. ಗಂಡ ಹೆಂಡತಿ ಇಬ್ಬರೂ ಕಾಲುವೆಯಲ್ಲಿ ದೋಣಿಯೊಂದರಲ್ಲಿ ವಾಸ. ಕಾಲುವೆ ಅಂದರೆ ನನಗೆ ಗೊತ್ತಿದ್ದದ್ದು ಗಂಗಾವತಿ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆ. ಅಲ್ಲಿ ಎಮ್ಮೆ ಮೈ ತೊಳೆಯುವುದನ್ನು ನೋಡಿದ್ದೆ, ಮ್ಯಾನೇಜರ್ ಸಂಸಾರ ಮಾಡುವುದನ್ನು ನೋಡಿರಲಿಲ್ಲ. ಒಂದು ಶನಿವಾರ ಊಟಕ್ಕೆ ಕರೆದರು. ಹೋದೆ. ಏಳು ಅಡಿಗೂ ಎರಡು ಇಂಚು ಕಡಿಮೆ ಅಗಲ, ಅರವತ್ತು ಅಡಿ ಉದ್ದ. ಭಾಗ್ಯನಗರದ ನಮ್ಮ ಮಗ್ಗದ ಮನೆಯನ್ನೇ ನೀರಿಗೆ ಬಿಟ್ಟ ಹಾಗಿತ್ತು. ಅಡಿಗೆ ಮನೆ, ಹಾಸಿಗೆ, ಕಟ್ಟಿಗೆ ಒಲೆ ಎಲ್ಲ ಒಂದರ ಹಿಂದೆ ಒಂದು.

ಸಹಜವಾಗಿ ನನಗೆ ಬಂದ ಪ್ರಶ್ನೆ ಒಂದೇ. ಸಂಕೋಚ ಬಿಟ್ಟು ಕೇಳಿಯೂಬಿಟ್ಟೆ, "ಅದೆಲ್ಲ ಎಲ್ಲಿಗೆ ಹೋಗುತ್ತೆ?" ಅಂತ.

ಆ ಮನುಷ್ಯನಿಗೆ ಯಾರಾದರೂ ಇದನ್ನು ಕೇಳಲಿ ಅಂತಲೇ ಕಾಯುತ್ತಿದ್ದರೋ ಏನೋ, ಅರ್ಧ ಗಂಟೆ ಮಾತಾಡಿದರು. ದೋಣಿಯವರಲ್ಲಿ ಎರಡು ಪಂಗಡವಂತೆ. ಒಂದು ಪಂಗಡದವರದು ದೊಡ್ಡ ಟ್ಯಾಂಕು, ದೋಣಿಯೊಳಗೇ ಇರುತ್ತೆ. ತುಂಬಿದಾಗ ದೋಣಿಯನ್ನೇ ನಡೆಸಿಕೊಂಡು ಪಂಪ್ ಇರುವ ಕಟ್ಟೆಗೆ ಹೋಗಿ, ದುಡ್ಡು ಕೊಟ್ಟು, ಪೈಪು ಹಚ್ಚಿ ಹೀರಿಸಿಕೊಂಡು ಬರಬೇಕು. ಇನ್ನೊಂದು ಪಂಗಡದವರದು ಕ್ಯಾಸೆಟ್. ನಮ್ಮ ರಾಜಕುಮಾರ್ ಹಾಡಿನ ಕ್ಯಾಸೆಟ್ ಅಲ್ಲ, ಸುಮಾರು ಇಪ್ಪತ್ತು ಲೀಟರ್ ಹಿಡಿಯುವ, ಹಿಡಿಕೆ ಇರುವ ಪ್ಲಾಸ್ಟಿಕ್ ಡಬ್ಬಿ. ಕಮೋಡಿನ ಕೆಳಗಿನಿಂದ ಎಳೆದುಕೊಂಡು, ದಂಡೆಯ ಮೇಲೆ ನಡೆದು ಹೋಗಿ ನಾವೇ ಖಾಲಿ ಮಾಡಬೇಕು. ಇಬ್ಬರಿದ್ದರೆ ಮೂರು ನಾಲ್ಕು ದಿನಕ್ಕೆ ತುಂಬುತ್ತೆ. ಇವೆರಡೂ ಬೇಡ ಅಂತ ಒಣ ಪಾಯಖಾನೆ ಇಟ್ಟುಕೊಂಡವರೂ ಇದ್ದಾರೆ. ಆದರೆ ಅದನ್ನು ಚೀಲದಲ್ಲಿ ಕಟ್ಟಿ ಕಸದ ತೊಟ್ಟಿಗೆ ಹಾಕುವುದನ್ನು ಕಾಲುವೆಗಳನ್ನು ನೋಡಿಕೊಳ್ಳುವ ಟ್ರಸ್ಟಿನವರು 2021ರ ಕೊನೆಗೆ ನಿಲ್ಲಿಸಿದ ಮೇಲೆ ಅವರ ಪಾಡು ಸ್ವಲ್ಪ ಕಷ್ಟ. ಯಾವುದು ಒಳ್ಳೆಯದು ಅಂತ ಈ ಜನ ಸಿಕ್ಕಲ್ಲೆಲ್ಲ ಜಗಳ ಆಡುತ್ತಾರೆ, ನಮ್ಮಲ್ಲಿ ಮಂಡಾಳ ಒಗ್ಗರಣಿಗೆ ಯಾವ ಅಂಗಡಿಯ ಮಿರ್ಚಿ ಒಳ್ಳೆಯದು ಅಂತ ಆಡುವ ಹಾಗೆ.

ಮ್ಯಾನೇಜರ್ ಕ್ಯಾಸೆಟ್ ಪಂಗಡ. "ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿದರೆ ದೋಣಿ ಅಲ್ಲಾಡಲ್ಲ, ಟ್ಯಾಂಕಿನವರು ಕೂತಲ್ಲೇ ಕೂತಿರಬೇಕು. ನನ್ನ ಕಾಲಂತೂ ಹೆಪ್ಪುಗಟ್ಟಲ್ಲವಲ್ಲ" ಅಂತ ನಕ್ಕರು. ನಕ್ಕು, ಎದ್ದು, ಎರಡು ಕ್ಯಾಸೆಟ್ ಹೊರಗೆ ತಂದು, ಒಂದನ್ನು ತಾವು ಹಿಡಿದು ಇನ್ನೊಂದನ್ನು ನನ್ನ ಕಡೆ ಚಾಚಿದರು. ಬಾ ತೋರಿಸ್ತೀನಿ ಅಂತ.

ನನ್ನ ಕೈ ಮುಂದೆ ಹೋಗಲಿಲ್ಲ. ಎಷ್ಟು ಹೊತ್ತು? ಎರಡು ಸೆಕೆಂಡ್ ಇರಬಹುದು. ಅವರಿಗೆ ಗೊತ್ತೂ ಆಗಿರಲಿಕ್ಕಿಲ್ಲ. ನನಗೆ ಗೊತ್ತಾಯ್ತು. ಆಮೇಲೆ ಹಿಡಿದುಕೊಂಡೆ, ಇಬ್ಬರೂ ನಡೆದೆವು. ಎಲ್ಸಾನ್ ಪಾಯಿಂಟ್ ಅಂತ ಒಂದು ಸಣ್ಣ ಕೋಣೆ, ಒಳಗೆ ದೊಡ್ಡ ಬಾಯಿಯ ಬೋಗುಣಿ ಥರದ್ದು, ಪಕ್ಕದಲ್ಲಿ ತೊಳೆಯಲು ನಲ್ಲಿ. ನಮಗಿಂತ ಮುಂದೆ ಇಬ್ಬರು ಡಬ್ಬಿ ಹಿಡಿದು ನಿಂತು ಮಳೆ ಬರುತ್ತೋ ಇಲ್ಲವೋ ಅಂತ ಹರಟುತ್ತಿದ್ದರು. ಒಬ್ಬಾಕೆ ನಿವೃತ್ತ ಟೀಚರ್. ಎಲ್ಲರೂ ತಮ್ಮ ತಮ್ಮದನ್ನು ಸುರಿದು, ತೊಳೆದು, ನೀಲಿ ದ್ರಾವಣ ಹಾಕಿಕೊಂಡು ಹೊರಟುಹೋದರು. ಅಷ್ಟೇ.

ಇಂಗ್ಲೆಂಡಿನವರನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಒಂದು ಕಾಲಕ್ಕೆ ಇಂಥವೇ ಕಾಲುವೆಗಳಲ್ಲಿ ಮ್ಯಾಂಚೆಸ್ಟರ್ ಪಟ್ಟಣದ ಮಲವನ್ನು ದೋಣಿ ತುಂಬಿಸಿ ಹೊಲಗಳಿಗೆ ಸಾಗಿಸುತ್ತಿದ್ದರು. ಅದನ್ನು ತುಂಬುತ್ತಿದ್ದವರೇನು ಮಿಲ್ಲಿನ ಧಣಿಗಳಲ್ಲ. (ನಮ್ಮಂಥ ನೇಕಾರರ ಹೊಟ್ಟೆಯ ಮೇಲೆ ಹೊಡೆದ ಮ್ಯಾಂಚೆಸ್ಟರಿನ ಮಿಲ್ಲುಗಳ ಬಗ್ಗೆ ಇನ್ನೊಂದು ಸಲ ಬರೆದೇನು.) ನನಗೆ ಕಾಡಿದ್ದು ನನ್ನ ಆ ಎರಡು ಸೆಕೆಂಡು. ಯಾಕೆಂದರೆ ನಾನು ಊರಲ್ಲಿ ನಾಲ್ಕು ವರ್ಷದ ಹಿಂದೆಯೇ ದೊಡ್ಡ ಮಾತಾಡಿ, ಅಪ್ಪನ ಜೊತೆ ಜಗಳ ಮಾಡಿ, "ನಾನ ತೆಗೀತೀನಿ" ಅಂತ ಎದೆ ತಟ್ಟಿಕೊಂಡು ಬಂದವನು.

ಆ ಜಗಳಕ್ಕೂ ಮುಂಚಿನದೊಂದು ಇದೆ. ಅದನ್ನು ಮೊದಲು ಹೇಳಬೇಕು.

ಕೊಪ್ಪಳದಿಂದ ರೈಲು ಹಳಿ ದಾಟಿದರೆ ಭಾಗ್ಯನಗರ. ಮಗ್ಗದ ಊರು, ಕೂದಲಿನ ಊರು. ನಮ್ಮದು ನೇಯುವ ಮನೆ. ಅಪ್ಪ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರೆ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದ. ಅವ್ವ ಮತ್ತು ಅಜ್ಜಿ ಬೆಳಕು ಹರಿಯುವ ಮುಂಚೆ ಚರಿಗೆ ಹಿಡಿದು ಬಯಲಿಗೆ ಹೋಗಿ ಬರುತ್ತಿದ್ದರು. ತಡವಾಗಿ ಎದ್ದ ದಿನ ಸಂಜೆ ಕತ್ತಲಾಗುವವರೆಗೆ ತಡೆದುಕೊಳ್ಳುವುದು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹಿತ್ತಿಲಲ್ಲಿ ಒಂದು ಗುಂಡಿ ತೋಡಿಸಿ, ಮೇಲೆ ಫರಸಿ ಹಾಸಿ, ನಾಲ್ಕು ತಗಡು ನಿಲ್ಲಿಸಿ ಪಾಯಖಾನೆ ಮಾಡಿಸಿದ. ಅವ್ವ ಅವತ್ತು ಹೋಳಿಗೆ ಮಾಡಿದ್ದಳು. ತಮಾಷೆಯಲ್ಲ, ನಿಜಕ್ಕೂ ಮಾಡಿದ್ದಳು.

2011ರಲ್ಲಿ ಅದು ತುಂಬಿತು. ನಾನಾಗ ಒಂಬತ್ತನೇ ಕ್ಲಾಸು. ಒಂದು ರಾತ್ರಿ ಹತ್ತು ಗಂಟೆ ಮೇಲೆ ಒಬ್ಬ ಮನುಷ್ಯ ಬಂದ, ಜೊತೆಗೆ ಅವನ ಮಗನೋ ತಮ್ಮನೋ, ನನ್ನದೇ ವಯಸ್ಸಿನ ಹುಡುಗ. ಮೊದಲು ಅಪ್ಪ ಅವನಿಗೆ ಕುಡಿಯಲು ದುಡ್ಡು ಕೊಟ್ಟ. ಕುಡಿಯದೆ ಇಳಿಯಲಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಅದೇನೋ ಕೂಲಿಯ ಒಂದು ಭಾಗ ಅನ್ನುವ ಹಾಗೆ. ಫರಸಿ ಸರಿಸಿದರು. ಅವನು ಅಂಗಿ ಕಳಚಿ ಇಳಿದ. ಕೆಳಗಿನಿಂದ ಬುಟ್ಟಿ ತುಂಬಿ ಕೊಡುತ್ತಿದ್ದ, ಹುಡುಗ ಮೇಲೆ ಎಳೆದು ಒಯ್ದು ಸುರಿದು ಬರುತ್ತಿದ್ದ. ನನ್ನ ಕೆಲಸ ಟಾರ್ಚ್ ಹಿಡಿಯುವುದು. ಮೂಗಿಗೆ ಟವೆಲ್ ಸುತ್ತಿಕೊಂಡು ಹಿಡಿದಿದ್ದೆ. ಕುಣಿ ಮಗ್ಗದಲ್ಲಿ ಅಪ್ಪ ಕಂಡ ಹಾಗೆಯೇ ಅವನೂ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದ. ಮುಗಿದಾಗ ಒಂದು ಗಂಟೆ ಆಗಿತ್ತು. ನೀರು ಕೇಳಿದ. ಅವ್ವ ತಂಬಿಗೆ ತಂದು, ಅವನು ಜೋಡಿಸಿ ಹಿಡಿದ ಬೊಗಸೆಗೆ ಮೇಲಿನಿಂದ ಸುರಿದಳು. ತಂಬಿಗೆ ಎಲ್ಲಿಯೂ ತಾಗಲಿಲ್ಲ.

ಇದೆಲ್ಲ ಕಾನೂನಿಲ್ಲದ ಕಾಲದಲ್ಲಿ ನಡೆದದ್ದಲ್ಲ. ತಲೆಯ ಮೇಲೆ ಮಲ ಹೊರುವುದನ್ನು ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ 1970ರ ದಶಕದಲ್ಲೇ ನಿಲ್ಲಿಸಿದ್ದರು. 1993ರಲ್ಲಿ ದೇಶಕ್ಕೇ ಒಂದು ಕಾಯ್ದೆ ಬಂದಿತ್ತು. ನಮ್ಮ ಗುಂಡಿ ತೆಗೆಸುವ ಹಿಂದಿನ ವರ್ಷ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸ ಮಾಡುತ್ತಿದ್ದ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮಲವನ್ನೇ ಮೈಗೆ ಸುರಿದುಕೊಂಡು ಪ್ರತಿಭಟಿಸಿದ್ದರು. ಆ ಸುದ್ದಿಯನ್ನು ನಮ್ಮನೆಯಲ್ಲಿ ಎಲ್ಲರೂ ಅಯ್ಯೋ ಪಾಪ ಅಂದಿದ್ದರು. ನಾನೂ ಅಂದಿದ್ದೆ. ಎಂಟು ಹತ್ತು ತಿಂಗಳಲ್ಲೇ ಟಾರ್ಚ್ ಹಿಡಿದೆ.

ಇನ್ನು ಜಗಳದ ವಿಷಯ. 2019ರಲ್ಲಿ ನನಗೆ ಕೆಲಸ ಸಿಕ್ಕಿತು. ಹಳೇ ಮನೆ ಕೆಡವಿ ಅದೇ ಮೂವತ್ತು ನಲವತ್ತರ ಜಾಗದಲ್ಲಿ ಮನೆ ಕಟ್ಟಿಸುವುದು ಅಂತಾಯ್ತು. ಎಲ್ಲ ಸುಸೂತ್ರ ನಡೆದು ಪಾಯಖಾನೆಗೆ ಬಂದು ನಿಂತಿತು. ಗೌಂಡಿಯದು ಒಂದೇ ಮಾತು.

"ಹತ್ತು ಫೂಟು ಇಳಸ್ತೀನಿ ಅಣ್ಣಾರ. ದೊಡ್ಡ ಟ್ಯಾಂಕ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ."

ಅಪ್ಪನಿಗೆ ಬಹಳ ಇಷ್ಟವಾಯ್ತು. ಯಾರಿಗೆ ಇಷ್ಟವಾಗಲ್ಲ ಹೇಳಿ? ನಮ್ಮ ಕಡೆ ಗುಂಡಿಗಳು ಬಾವಿಯಷ್ಟು ಆಳ ಇರುವುದಕ್ಕೆ ಕಾರಣವೇ ಇದು. ಒಮ್ಮೆ ಮುಚ್ಚಿದರೆ ಮತ್ತೆ ಅದರ ಮುಖ ನೋಡಬಾರದು. ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಅನ್ನುವವರು 2017ರ ಒಂದು ಪುಸ್ತಕದಲ್ಲಿ ಇದನ್ನೇ ಬರೆದಿದ್ದಾರೆ. ಭಾರತದ ಹಳ್ಳಿಗಳಲ್ಲಿ ಜನ ಅಷ್ಟು ದೊಡ್ಡ ಗುಂಡಿ ಬಯಸುವುದು, ಇಲ್ಲವೇ ಬಯಲಿಗೇ ಹೋಗುವುದು, ಖಾಲಿ ಮಾಡುವ ಕೆಲಸಕ್ಕೆ ಜಾತಿ ಅಂಟಿಕೊಂಡಿರುವುದರಿಂದ ಅಂತ. ಅದನ್ನು ಓದಲು ನನಗೆ ಇಂಗ್ಲಿಷ್ ಪುಸ್ತಕವೇನೂ ಬೇಕಿರಲಿಲ್ಲ, ನಮ್ಮ ಗೌಂಡಿ ಒಂದೇ ವಾಕ್ಯದಲ್ಲಿ ಹೇಳಿದ್ದ.

ನಾನು ಎರಡು ಗುಂಡಿ ಅಂದೆ. ಇಂಜಿನಿಯರಿಂಗ್ ಓದುವಾಗ, 2017ರ ಫೆಬ್ರವರಿಯಲ್ಲಿ, ದೆಹಲಿಯ ದೊಡ್ಡ ಅಧಿಕಾರಿ, ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್, ತೆಲಂಗಾಣದ ವಾರಂಗಲ್ ಹತ್ತಿರದ ಗಂಗದೇವಿಪಲ್ಲಿಯಲ್ಲಿ ಪಾಯಖಾನೆ ಗುಂಡಿಗೆ ಇಳಿದು ತಾವೇ ಗೊಬ್ಬರ ತೆಗೆದದ್ದನ್ನು ಟೀವಿಯಲ್ಲಿ ನೋಡಿದ್ದೆ. ಹಾಸ್ಟೆಲ್ಲಿನಲ್ಲಿ ಎಲ್ಲರೂ ನಕ್ಕಿದ್ದರು. ನನಗೆ ಟಾರ್ಚ್ ನೆನಪಾಗಿ ನಗು ಬಂದಿರಲಿಲ್ಲ. ಆಮೇಲೆ ಕೂತು ಓದಿಕೊಂಡೆ.

ಲೆಕ್ಕ ಸರಳ. ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ (2023ರಲ್ಲಿ ತೀರಿಕೊಂಡರು) ದೇಶದ ತುಂಬ ಹಬ್ಬಿಸಿದ ವಿಧಾನ. ಮೂರು ಅಡಿ ಅಗಲ, ನಾಲ್ಕಡಿ ಆಳದ ಎರಡು ಗುಂಡಿ, ನಡುವೆ ಒಂದು ಮೀಟರ್ ಅಂತರ. ಗೋಡೆಯ ಇಟ್ಟಂಗಿಗಳ ನಡುವೆ ಸಂದು ಬಿಡಬೇಕು, ತಳಕ್ಕೆ ಸಿಮೆಂಟ್ ಹಾಕಬಾರದು. ನೀರು ಆ ಸಂದುಗಳಿಂದ ಮಣ್ಣಿಗೆ ಇಂಗಿಹೋಗುತ್ತೆ, ಗಾಳಿಯನ್ನೂ ಮಣ್ಣೇ ಹೀರಿಕೊಳ್ಳುತ್ತೆ, ಮೇಲಕ್ಕೆ ಪೈಪು ಬೇಡ. ಪಾಯಖಾನೆಯಿಂದ ಬರುವ ಪೈಪು ಒಂದು ಸಣ್ಣ ಚೇಂಬರಿಗೆ ಬಂದು ಕವಲೊಡೆಯುತ್ತೆ. ಒಂದು ಕವಲಿಗೆ ಇಟ್ಟಂಗಿ ಅಡ್ಡ ಇಡುವುದು, ಇನ್ನೊಂದನ್ನು ಬಳಸುವುದು. ಐದಾರು ಜನರ ಮನೆಗೆ ಒಂದು ಗುಂಡಿ ಸುಮಾರು ಮೂರು ವರ್ಷ ಬರುತ್ತೆ. ತುಂಬಿದ ಮೇಲೆ ಇಟ್ಟಂಗಿಯನ್ನು ಈ ಕಡೆಯಿಂದ ಆ ಕಡೆಗೆ ಹಾಕಿದರೆ ಮುಗೀತು. ಮುಚ್ಚಿದ ಗುಂಡಿ ಎರಡು ವರ್ಷ ಹಾಗೇ ಬಿದ್ದಿದ್ದರೆ ಒಳಗಿರುವುದು ಗೊಬ್ಬರ. ನಮ್ಮ ಜಿಲ್ಲೆಯಲ್ಲಿ ಒಂದು ತೊಡಕಿದೆ. ಎರೆ ಭೂಮಿಯಾದರೆ ನೀರು ಬೇಗ ಇಂಗುವುದಿಲ್ಲ, ಗುಂಡಿಯ ಸುತ್ತ ಮರಳು ತುಂಬಬೇಕು. ನಮ್ಮ ಜಾಗ ಮಸಾರಿ, ಆ ಚಿಂತೆ ಇರಲಿಲ್ಲ. ಕುಡಿಯುವ ನೀರಿನ ಬಾವಿ, ಬೋರಿಗೆ ಹತ್ತು ಮೀಟರಾದರೂ ದೂರ ಇರಬೇಕು. ನಮ್ಮ ಬೋರು ಮುಂಬಾಗಿಲಲ್ಲಿ, ಗುಂಡಿ ಹಿತ್ತಿಲ ಮೂಲೆಯಲ್ಲಿ, ಟೇಪು ಹಿಡಿದು ಅಳೆದೆ.

"ನೀ ಕಲ್ತದ್ದು ಕಂಪ್ಯೂಟರ, ಸಂಡಾಸ ಅಲ್ಲ" ಅಂದ ಅಪ್ಪ.

"ನಾಕು ಫೂಟಿನ ಗುಂಡಿ ಕೋಳಿ ಮುಚ್ಚಾಕನ?" ಅಂದ ಗೌಂಡಿ.

ಅವ್ವ ಮಾತ್ರ ಸರಿಯಾದ ಪ್ರಶ್ನೆ ಕೇಳಿದಳು. "ಅಲ್ಲೋ ತಮ್ಮಾ, ಮೂರು ವರ್ಷಕ್ಕ ತುಂಬತೈತಿ ಅಂತಿ. ತೆಗಿಯೋರು ಯಾರು?"

"ನಾನ ತೆಗೀತೀನಿ ಬೇ."

"ಅಷ್ಟು ಸಾಲಾ ಮಾಡಿ ಓದಿಸಿದ್ದು ಇದಕ್ಕೇನು?"

ಟ್ಯಾಂಕ್ ಕಟ್ಟಿಸಿ, ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸಿದರಾಯ್ತಲ್ಲ ಅಂತ ನೀವೂ ಕೇಳಬಹುದು. ಕರೆಸಬಹುದು. ಜಾಗ ಇಲ್ಲದವರು, ಕಲ್ಲು ನೆಲದವರು ಇನ್ನೇನು ಮಾಡಲಿಕ್ಕಾಗುತ್ತೆ? ಆದರೆ ನಾವು ಟ್ಯಾಂಕು ಅನ್ನುವುದರಲ್ಲಿ ಎಷ್ಟೋ ಬರೀ ಆಳದ ಗುಂಡಿಗಳು. ತಳದಲ್ಲಿ ಗಟ್ಟಿಯಾಗಿ ಕೂತದ್ದನ್ನು ಪೈಪು ಎಳೆಯುವುದಿಲ್ಲ, ಆಗ ಯಾರೋ ಒಬ್ಬ ಇಳಿಯುತ್ತಾನೆ. ಒಳಗಿನ ವಿಷಗಾಳಿಗೆ ಒಬ್ಬ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಇಳಿದು ಅವನೂ ಬೀಳುತ್ತಾನೆ. 2013ರ ಕಾಯ್ದೆ ಹಾಗೆ ಇಳಿಸುವುದನ್ನು ಅಪರಾಧ ಅಂದಿದೆ, ಸತ್ತರೆ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ಗಾಡಿ ತುಂಬಿಕೊಂಡು ಹೋದದ್ದು ಎಲ್ಲಿಗೆ ಹೋಗುತ್ತೆ? ದೇವನಹಳ್ಳಿಯಲ್ಲಿ 2015ರಲ್ಲೇ ಅದನ್ನು ಸಂಸ್ಕರಿಸುವ ಘಟಕ ಶುರುವಾಯ್ತು, ದೇಶದಲ್ಲೇ ಒಂದು ಊರಿಗೆ ಅಂತ ಕಟ್ಟಿದ ಮೊದಲನೆಯದು. ಅಂಥದ್ದು ಇಲ್ಲದ ಕಡೆ ಹಳ್ಳವೋ ಹೊಲವೋ ನೋಡಿಕೊಳ್ಳುತ್ತೆ.

ನಮ್ಮದೇ ಜಿಲ್ಲೆಯ ಮಲ್ಲಮ್ಮ ಎಂಬ ಹುಡುಗಿ ಮನೆಯಲ್ಲಿ ಪಾಯಖಾನೆ ಬೇಕು ಅಂತ ಊಟ ಬಿಟ್ಟು ಹಟ ಹಿಡಿದು ಕಟ್ಟಿಸಿಕೊಂಡದ್ದನ್ನು 2016ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೇಳಿದ್ದರು. ಊರೆಲ್ಲ ಹೆಮ್ಮೆಪಟ್ಟಿತ್ತು, ಪಡಬೇಕಾದದ್ದೇ. ಕಟ್ಟಿಸುವುದರ ಬಗ್ಗೆ ಇಷ್ಟು ಮಾತಾಡಿದ ನಾವು ತುಂಬುವುದರ ಬಗ್ಗೆ ಮಾತ್ರ ಬಾಯಿ ಬಿಡಲ್ಲ.

ಕೊನೆಗೆ ನಾನು ಗೆದ್ದೆ. ಯಾಕೆಂದರೆ ದುಡ್ಡು ನನ್ನದಿತ್ತು, ಅಷ್ಟೇ ಕಾರಣ. ಜೊತೆಗೆ ನಾಲ್ಕಡಿಯ ಎರಡು ಗುಂಡಿ ಹತ್ತಡಿಯ ಟ್ಯಾಂಕಿಗಿಂತ ಅಗ್ಗ ಅಂತ ಅಪ್ಪನಿಗೆ ಗೊತ್ತಾದದ್ದೂ ಸಹಾಯವಾಯ್ತು. ಕೊರೋನಾ ಕಾಲದಲ್ಲಿ ಎಲ್ಲರೂ ಮನೆಯಲ್ಲೇ ಇದ್ದು ಸಾಕಷ್ಟು ಕೊಡುಗೆ ಸಲ್ಲಿಸಿದೆವು :) 2022ರ ಕೊನೆಗೆ ಮೊದಲ ಗುಂಡಿ ತುಂಬಿತು. ಇಟ್ಟಂಗಿ ಹೊರಳಿಸಿ ಎರಡನೆಯದು ಚಾಲೂ ಮಾಡಿ ನಾನು ಬೆಂಗಳೂರಿಗೆ ಬಂದೆ. ಮನಸ್ಸಿನೊಳಗೆ ಮಾತ್ರ ಒಂದು ಕಳ್ಳ ಲೆಕ್ಕ ಇತ್ತು. ಎರಡು ವರ್ಷ ಆದಮೇಲೆ ಅದು ಹೇಗೂ ಬರೀ ಗೊಬ್ಬರ, ಯಾರಿಗಾದರೂ ಐನೂರು ರೂಪಾಯಿ ಕೊಟ್ಟರೆ ತೆಗೆಯುತ್ತಾರೆ. ಆ "ಯಾರಿಗಾದರೂ" ಯಾರು ಅಂತ ಬರ್ಮಿಂಗ್‌ಹ್ಯಾಮಿನ ಎರಡು ಸೆಕೆಂಡಿನಲ್ಲಿ ಚೆನ್ನಾಗಿ ಗೊತ್ತಾಯ್ತು.

2025ರ ಸಂಕ್ರಾಂತಿಗೆ ಹೋದಾಗ ಫರಸಿ ಎತ್ತಿದೆ. ಹಿಂದಿನ ದಿನವೇ ಎತ್ತಿ ಗಾಳಿಗೆ ಬಿಟ್ಟಿದ್ದೆ. ಕೈಗೆ ಗ್ಲೌಸು, ಕಾಲಿಗೆ ಗಂಬೂಟು, ಮುಖಕ್ಕೆ ಕೊರೋನಾ ಕಾಲದಲ್ಲಿ ಉಳಿದ ಮಾಸ್ಕು. ಒಳಗೆ ನೋಡಿದರೆ ತುಂಬಿದ್ದು ಅರ್ಧಕ್ಕೆ ಇಳಿದಿತ್ತು. ಕಪ್ಪಗೆ, ಒಣಗಿ, ಚಾ ಪುಡಿ ಥರ. ಮೂಗಿನ ಹತ್ತಿರ ಹಿಡಿದೆ, ಮೊದಲ ಮಳೆಗೆ ಮಣ್ಣು ಬೀರುವಂಥದ್ದೊಂದು ವಾಸನೆ ಬಿಟ್ಟರೆ ಏನಿಲ್ಲ. ಆದರೂ ಸುಳ್ಳು ಹೇಳಲ್ಲ, ಮೊದಲ ಸಲಿಕೆಗೆ ಹೊಟ್ಟೆ ತೊಳಸಿತು. ವಾಸನೆಗಲ್ಲ, ಏನು ಅಂತ ಗೊತ್ತಿದ್ದದ್ದಕ್ಕೆ. ಮೂರನೇ ಬುಟ್ಟಿಯ ಹೊತ್ತಿಗೆ ಅದು ಹೋಯ್ತು, ಬೆನ್ನು ನೋವು ಬಂತು. ನಮ್ಮೂರಲ್ಲಿ ಮನೆ ಮನೆಯಲ್ಲಿ ಹೆಂಗಸರು ಯಾರು ಯಾರದೋ ತಲೆಯ ಕೂದಲನ್ನು ಬಿಡಿಸಿ, ಬಾಚಿ, ಉದ್ದ ನೋಡಿ ಬೇರೆ ಮಾಡುತ್ತಾರೆ. ಪರದೇಶಕ್ಕೆ ಹೋಗುವ ಮಾಲು. ಅನ್ನದಲ್ಲಿ ಒಂದೇ ಎಳೆ ಸಿಕ್ಕರೆ ತಟ್ಟೆ ಸರಿಸುವವರೇ ಅದನ್ನು ದಿನವಿಡೀ ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಾರೆ. ಹೇಸಿಗೆ ಹೋಗುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ನಮ್ಮೂರಿಗೆ ಗೊತ್ತಿಲ್ಲದ್ದೇನಲ್ಲ.

ಒಟ್ಟು ಒಂಬತ್ತು ಸಿಮೆಂಟ್ ಚೀಲ ಆಯ್ತು. ಗೋಡೆಯಾಚೆ ಪಕ್ಕದ ಮನೆ ಅಣ್ಣ ಇಣುಕಿ ನೋಡಿ, ಏನೂ ಅನ್ನದೆ ಒಳಗೆ ಹೋದ. ಮಧ್ಯೆ ಒಂದು ಫೋಟೋ ತೆಗೆದುಕೊಂಡೆ, ಸ್ಟೇಟಸ್ಸಿಗೆ ಹಾಕೋಣ ಅಂತ. ಸಂಜೆ ನೋಡಿ ಡಿಲೀಟ್ ಮಾಡಿದೆ. 2011ರ ಆ ರಾತ್ರಿ ಫೋಟೋ ತೆಗೆದಿದ್ದರೆ ಯಾರು ಯಾವ ಸ್ಟೇಟಸ್ಸಿಗೆ ಹಾಕುತ್ತಿದ್ದರು?

ಅಪ್ಪ ಇಡೀ ಹೊತ್ತು ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದ. ಬಾ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಅವ್ವ ಒಳಗಿನಿಂದಲೇ "ತುಳಸಿ ಕಟ್ಟಿ ಕಡಿ ಮಾತ್ರ ತರಬ್ಯಾಡ" ಅಂತ ಎರಡು ಸಲ ಕೂಗಿದ್ದಳು. ಎಲ್ಲ ಮುಗಿಸಿ, ಗ್ಲೌಸು ಕಳಚಿ, ಸೋಪು ಹಚ್ಚಿ ಕೈ ತೊಳೆದು ಬಾಗಿಲಿಗೆ ಬಂದು ನೀರು ಕೇಳಿದೆ. ತಂಬಿಗೆ ತಂದಳು. ನಾನು ಕೈ ಚಾಚಿದೆ. ಅವಳು ತಂಬಿಗೆಯನ್ನು ಕೈಗೆ ಕೊಡಲಿಲ್ಲ, ಮೇಲಕ್ಕೆ ಎತ್ತಿ ಹಿಡಿದಳು. ನಾನೂ ಯೋಚಿಸದೆ ಬೊಗಸೆ ಮಾಡಿದೆ. ಒಂದು ಗುಟುಕಿನಷ್ಟು ಬಿದ್ದಿರಬೇಕು, ಅಷ್ಟಕ್ಕೇ ನಿಲ್ಲಿಸಿದಳು. ಬೊಗಸೆ ನೋಡುತ್ತಾ ನಿಂತಳು. ನನಗೆ ನೆನಪಾದದ್ದೇ ಅವಳಿಗೂ ನೆನಪಾಯ್ತು ಅಂತ ನಾನು ಹೇಗೆ ಹೇಳಲಿ, ಆದರೆ ಮುಖ ಒಂಥರಾ ಆಗಿತ್ತು.

"ಅವತ್ತು ಬಂದಿದ್ನಲ್ಲ, ಅವನ ಹೆಸರೇನಿತ್ತು ಬೇ?" ಅಂತ ಕೇಳಿದೆ.

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಹೆಸರು ಯಾರು ಕೇಳ್ತಾರಪಾ ಆ ಹೊತ್ತಿನ್ಯಾಗ" ಅಂದ. ಆಮೇಲೆ, ಬಹಳ ಹೊತ್ತಿನ ಮೇಲೆ, "ಆ ಹುಡುಗ ನಿನ್ನ ವಾರಿಗಿನ ಇದ್ದ" ಅಂದ.

ಅವ್ವ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಸಂಜೆಯವರೆಗೂ ಕೊಡಪಾನ ಮುಟ್ಟಲು ಬಿಡಲಿಲ್ಲ, ಅದು ಬೇರೆ ಮಾತು. ಗೊಬ್ಬರವನ್ನು ನುಗ್ಗೆ ಗಿಡಕ್ಕೂ ನಿಂಬೆ ಗಿಡಕ್ಕೂ ಹಾಕಿದೆ. ಆ ವರ್ಷದ ನುಗ್ಗೆಕಾಯಿಯನ್ನು ಅವ್ವ ಓಣಿಗೆಲ್ಲ ಹಂಚಿದಳು, ಮನೆಯಲ್ಲಿ ಮಾತ್ರ ಸಾರು ಮಾಡಲಿಲ್ಲ!

2025ರ ದೀಪಾವಳಿ ಕಳೆದ ಮೇಲೆ ಒಂದು ದಿನ ಆಫೀಸಿನ ಮೀಟಿಂಗ್ ನಡುವೆ ಅಪ್ಪನ ಫೋನು. ಹಗಲು ಹೊತ್ತು ಎಂದೂ ಮಾಡುವವನಲ್ಲ, ಗಾಬರಿಯಾಗಿ ಹೊರಗೆ ಬಂದು ಎತ್ತಿದೆ.

"ಏನಿಲ್ಲಪಾ, ಎರಡನೇದೂ ತುಂಬಿತ್ತು" ಅಂದ. "ಚೇಂಬರ್ ಮುಚ್ಚಳ ತಗದು ಇಟ್ಟಂಗಿ ಆ ಕಡಿ ಹೊಳ್ಳಿಸಿ ಹಾಕೀನಿ. ತಾರೀಖು ಗ್ವಾಡಿ ಮ್ಯಾಲೆ ಬರದೀನಿ ನೋಡು."